ಆಂಗ್ರಿ ಆನ್ ಮೀ? ಮ್ಯಾರೀಡ್ ವಿತ್ ಹರ್? ಅಡ್ಜೆಕ್ಟಿವ್ ಜೊತೆ ಸರಿಯಾದ ಪ್ರಿಪೊಸಿಷನ್ ಹಾಕಲು ಸಮಗ್ರ ಮಾರ್ಗದರ್ಶಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸ್ ಸೇರಿದ ಹುಡುಗರನ್ನು ಕೇಳಿ ನೋಡಿ. ಟೆನ್ಸ್ ಬರುತ್ತದೆ, ಆ್ಯಕ್ಟಿವ್ ಪ್ಯಾಸಿವ್ ಬರುತ್ತದೆ. ಆದರೆ ‘ಹೀ ಈಸ್ ಆಂಗ್ರಿ ___ ಮೀ’ ಅಂತ ಒಂದು ಖಾಲಿ ಜಾಗ ಕೊಟ್ಟರೆ ಸಾಕು, ಪೆನ್ನು ನಿಂತುಬಿಡುತ್ತದೆ. ಬಹಳ ಜನ ‘ಆನ್’ ಬರೆಯುತ್ತಾರೆ. ಯಾಕಂದ್ರೆ ತಲೆಯೊಳಗೆ ಓಡುತ್ತಿರುವುದು ‘ನನ್ನ ಮ್ಯಾಲೆ ಸಿಟ್ಟಾಗ್ಯಾನ’ ಅನ್ನುವ ಮಾತು. ಮೇಲೆ ಅಂದ್ರೆ ಆನ್, ಅಲ್ವಾ? ಅಲ್ಲೇ ಎಡವಟ್ಟು.

ಈ ತಪ್ಪುಗಳು ಹೇಗೆ ಹೇಗೋ ಆಗುವುದಿಲ್ಲ. ನಾವು ಮನೆಯಲ್ಲಿ ಆಡುವ ಗೆ, ಇಂದ, ಅಲ್ಲಿ, ಮೇಲೆ, ಜೊತೆ, ಗಿಂತ ಇವುಗಳನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಇಡುವುದರಿಂದ ಆಗುತ್ತವೆ. ಹಾಗಾಗಿ ಎ ಇಂದ ಝಡ್ ತನಕ ಇನ್ನೂರು ಪದಗಳ ಪಟ್ಟಿ ಬಾಯಿಪಾಠ ಮಾಡುವ ಕೆಲಸ ನನಗೆ ಹಿಡಿಸುವುದಿಲ್ಲ. ಪರೀಕ್ಷೆ ಮುಗಿದ ವಾರಕ್ಕೆ ಅದು ಹೋಗಿಬಿಡುತ್ತದೆ. ಕನ್ನಡದ ಯಾವ ಪ್ರತ್ಯಯ ಎಲ್ಲಿ ಸರಿಯಾಗಿ ಕೂರುತ್ತದೆ, ಎಲ್ಲಿ ಕೈ ಕೊಡುತ್ತದೆ ಅಂತ ನೋಡಿಕೊಂಡರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತದೆ. ಇಲ್ಲಿ ಹಾಗೇ ಹೋಗೋಣ.

ಶುರು ಮಾಡುವ ಮುಂಚೆ ಒಂದು ಸಣ್ಣ ಸೂಚನೆ. ಅಡ್ಜೆಕ್ಟಿವ್ ಅಂದ್ರೆ ಆಂಗ್ರಿ, ಅಫ್ರೇಡ್, ಗುಡ್ ಥರ ಗುಣ ಅಥವಾ ಸ್ಥಿತಿ ಹೇಳುವ ಪದ, ಪ್ರಿಪೊಸಿಷನ್ ಅಂದ್ರೆ ಅದರ ಬೆನ್ನಿಗೆ ಬರುವ ಆನ್, ವಿತ್, ಟು ಥರದ ಸಣ್ಣ ಪದ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ‘ಆಫ್’ ಅಂತ ಬಂದಲ್ಲೆಲ್ಲ ಅದು ಒಂದೇ ಎಫ್ ಇರುವ ಪದ, ‘ಸ್ವಿಚ್ ಆಫ್’ನ ಎರಡು ಎಫ್ ಅಲ್ಲ. ಒಂದೇ ಎಫ್ ಇರುವುದನ್ನು ಬಾಯಲ್ಲಿ ‘ಅವ್’ ಅಂತ ಅನ್ನಬೇಕು. ಬರೆಯುವಾಗ ಈ ಎರಡನ್ನು ಅದಲು ಬದಲು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 1: ಪ್ರಿಪೊಸಿಷನ್ ಯಾರ ಮಾತು ಕೇಳುತ್ತದೆ?

‘ಐ ಆಮ್ ಅಫ್ರೇಡ್ ಆಫ್ ಡಾಗ್ಸ್’ ಅನ್ನುವ ವಾಕ್ಯ ತಗೊಳ್ಳಿ. ಐ ಆಮ್ ಆಯಿತು, ಅಡ್ಜೆಕ್ಟಿವ್ ಬಂತು, ಅದರ ಹಿಂದೆಯೇ ಆಫ್, ಕೊನೆಗೆ ನಾಯಿ. ಕನ್ನಡದಲ್ಲಿ ‘ನಾಯಿಗೆ ಅಂಜತೀನಿ’ ಅಂದಾಗ ‘ಗೆ’ ನಾಯಿಗೆ ಅಂಟಿಕೊಂಡಿರುತ್ತದೆ. ಅದನ್ನು ನೋಡಿ ನಾವು ಇಂಗ್ಲಿಷಿನಲ್ಲೂ ಪ್ರಿಪೊಸಿಷನ್ ನಾಯಿಗೆ ಸೇರಿದ್ದು ಅಂದುಕೊಳ್ಳುತ್ತೇವೆ. ಹಾಗಲ್ಲ. ಅದನ್ನು ಆರಿಸುವುದು ಅಡ್ಜೆಕ್ಟಿವ್.

ಬೇಕಾದರೆ ಪರೀಕ್ಷೆ ಮಾಡಿ. ನಾಯಿ ತೆಗೆದು ಎಕ್ಸಾಮ್ ಹಾಕಿ, ಅಪ್ಪನನ್ನು ಹಾಕಿ, ಲಿಫ್ಟ್ ಹಾಕಿ. ಅಫ್ರೇಡ್ ಆಫ್ ಎಕ್ಸಾಮ್ಸ್, ಅಫ್ರೇಡ್ ಆಫ್ ಮೈ ಫಾದರ್, ಅಫ್ರೇಡ್ ಆಫ್ ಲಿಫ್ಟ್ಸ್. ಆಫ್ ಕದಲುವುದಿಲ್ಲ. ಈಗ ನಾಯಿಯನ್ನು ಅಲ್ಲೇ ಬಿಟ್ಟು ಅಡ್ಜೆಕ್ಟಿವ್ ಬದಲಿಸಿ. ಕೈಂಡ್ ಟು ಡಾಗ್ಸ್, ಗುಡ್ ವಿತ್ ಡಾಗ್ಸ್, ಅಲರ್ಜಿಕ್ ಟು ಡಾಗ್ಸ್, ಫಾಂಡ್ ಆಫ್ ಡಾಗ್ಸ್, ವರೀಡ್ ಅಬೌಟ್ ದ ಡಾಗ್. ನಾಯಿ ಅದೇ, ಪ್ರಿಪೊಸಿಷನ್ ಮಾತ್ರ ಒಂದೊಂದು ಕಡೆ ಒಂದೊಂದು. ಆದ್ದರಿಂದ ಇನ್ನು ಮುಂದೆ ‘ಅಫ್ರೇಡ್’ ಅಂತ ಒಂದೇ ಪದ ಕಲಿಯಬೇಡಿ. ‘ಅಫ್ರೇಡ್-ಆಫ್’ ಅಂತ ಜೋಡಿಯಾಗಿ ಕಲಿಯಿರಿ, ಅದೊಂದೇ ಪದ ಅನ್ನುವ ಹಾಗೆ.

ಹೆಜ್ಜೆ 2: ಕನ್ನಡ ಸರಿಯಾಗಿ ಕೂರುವ ಕಡೆ ತಲೆ ಕೆಡಿಸಿಕೊಳ್ಳಬೇಡಿ

ಕೆಲವು ಕಡೆ ನಮ್ಮ ಮಾತು ಹಾಗೇ ಹೊಂದುತ್ತದೆ. ಅಲ್ಲಿ ಕಲಿಯುವುದಕ್ಕೆ ಏನೂ ಇಲ್ಲ, ಸುಮ್ನೆ ಮುಂದೆ ಹೋಗಿ.

‘ಬಗ್ಗೆ’ ಬಂದರೆ ಬಹುಮಟ್ಟಿಗೆ ಅಬೌಟ್. ಮಳೆ ಬಗ್ಗೆ ಚಿಂತೆ: ವರೀಡ್ ಅಬೌಟ್ ದ ರೇನ್. ರಿಸಲ್ಟ್ ಬಗ್ಗೆ ಭಯ: ನರ್ವಸ್ ಅಬೌಟ್ ದ ರಿಸಲ್ಟ್. ಓದಿನ ಬಗ್ಗೆ ಸೀರಿಯಸ್: ಸೀರಿಯಸ್ ಅಬೌಟ್ ಸ್ಟಡೀಸ್. ಇಲ್ಲಿ ಮುಖ್ಯವಾಗಿ ನೆನಪಿಡಬೇಕಾದ ಅಪವಾದ ಹೆಮ್ಮೆ. ‘ಮಗಳ ಬಗ್ಗೆ ಹೆಮ್ಮೆ’ ಅಂದರೂ ಇಂಗ್ಲಿಷಿನಲ್ಲಿ ಪ್ರೌಡ್ ಆಫ್ ಮೈ ಡಾಟರ್. ಪ್ರೌಡ್ ಅಬೌಟ್ ಅಂತ ಬರೆದರೆ ಎರರ್ ಸ್ಪಾಟಿಂಗ್ ಪ್ರಶ್ನೆಯಲ್ಲಿ ಅಲ್ಲೇ ಗೆರೆ ಬೀಳುತ್ತದೆ. ನಾಚಿಕೆಯೂ ಇದೇ ಗುಂಪು, ಅಶೇಮ್ಡ್ ಆಫ್.

ದೂರ, ಬೇರೆ, ಸುರಕ್ಷಿತ ಅನ್ನುವಾಗ ‘ಇಂದ’ಕ್ಕೆ ಫ್ರಮ್ ಹೊಂದುತ್ತದೆ. ಫಾರ್ ಫ್ರಮ್ ಹುಬ್ಬಳ್ಳಿ, ಸೇಫ್ ಫ್ರಮ್ ಫ್ಲಡ್ಸ್. 1997ರಲ್ಲಿ ಗದಗ, ಹಾವೇರಿ ಎರಡೂ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದವು. ಅಲ್ಲಿಂದ ಅವು ‘ಸೆಪರೇಟ್ ಫ್ರಮ್ ಧಾರವಾಡ’.

ಪ್ರಸಿದ್ಧಿಗೆ, ಸಿದ್ಧತೆಗೆ, ಉಪಯೋಗಕ್ಕೆ ‘ಗೆ’ ಬಂದರೆ ಫಾರ್. ಧಾರವಾಡ ಈಸ್ ಫೇಮಸ್ ಫಾರ್ ಇಟ್ಸ್ ಪೇಡಾ. ರೆಡಿ ಫಾರ್ ದ ಇಂಟರ್‌ವ್ಯೂ. ಸೂಟಬಲ್ ಫಾರ್ ಕಾಟನ್. ಎಲಿಜಿಬಲ್ ಫಾರ್ ದ ಸ್ಕಾಲರ್‌ಶಿಪ್. ಹತ್ತಿರ, ಸಮ, ಚಟ, ಅಲರ್ಜಿ ಅನ್ನುವಾಗ ಅದೇ ‘ಗೆ’ ಟು ಆಗುತ್ತದೆ. ಕ್ಲೋಸ್ ಟು, ಈಕ್ವಲ್ ಟು, ಅಡಿಕ್ಟೆಡ್ ಟು ಹಿಸ್ ಮೊಬೈಲ್, ಅಲರ್ಜಿಕ್ ಟು ಡಸ್ಟ್. ಹುಬ್ಬಳ್ಳಿ ರಸ್ತೆಗಳ ಧೂಳು ತಿಂದವರಿಗೆ ಕೊನೆಯದು ಬೇಗ ನೆನಪಿರುತ್ತದೆ.

‘ಅಲ್ಲಿ’ಗೆ ಇನ್ ಹೊಂದುವ ಕಡೆಗಳೂ ಇವೆ. ಇಂಟರೆಸ್ಟೆಡ್ ಇನ್ ಮ್ಯೂಸಿಕ್, ಫ್ಲುಯೆಂಟ್ ಇನ್ ಮರಾಠಿ, ಇನ್ವಾಲ್ವ್ಡ್ ಇನ್ ಪಾಲಿಟಿಕ್ಸ್. ಒಂದು ವಸ್ತುವಿನಲ್ಲಿ ಯಾವುದು ಜಾಸ್ತಿ, ಯಾವುದು ಕಮ್ಮಿ ಅಂತ ಹೇಳುವಾಗಲೂ ಇನ್. ಲಕ್ಕುಂಡಿ ಈಸ್ ರಿಚ್ ಇನ್ ಓಲ್ಡ್ ಟೆಂಪಲ್ಸ್ ಅಂಡ್ ಸ್ಟೆಪ್‌ವೆಲ್ಸ್. ಡಾಕ್ಟರು ಹೇಳುವ ‘ಹೈ ಇನ್ ಶುಗರ್, ಲೋ ಇನ್ ಫ್ಯಾಟ್’ ಸಹ ಇದೇ.

ಹೆಜ್ಜೆ 3: ಕೈ ಕೊಡುವ ಪ್ರತ್ಯಯಗಳು

ಇಲ್ಲಿ ನಿಧಾನ. ಅಂಕ ಹೋಗುವುದು ಜಾಸ್ತಿ ಇಲ್ಲೇ.

ಮೊದಲು ‘ಮೇಲೆ’. ಸಿಟ್ಟು, ಹೊಟ್ಟೆಕಿಚ್ಚು, ಪ್ರೀತಿ ಎಲ್ಲವೂ ಕನ್ನಡದಲ್ಲಿ ಯಾರದೋ ಮೇಲೆ ಬೀಳುತ್ತವೆ. ಇಂಗ್ಲಿಷಿನಲ್ಲಿ ಯಾವುದೂ ಮೇಲೆ ಬೀಳುವುದಿಲ್ಲ. ಮನುಷ್ಯರ ಮೇಲೆ ಸಿಟ್ಟು ಬಂದರೆ ಆಂಗ್ರಿ ವಿತ್. ವಿಷಯದ ಮೇಲೆ ಬಂದರೆ ಆಂಗ್ರಿ ಅಬೌಟ್. ‘ಮೈ ಮದರ್ ವಾಸ್ ಆಂಗ್ರಿ ವಿತ್ ಮೀ ಅಬೌಟ್ ದ ಫೋನ್ ಬಿಲ್’ ಅಂತ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬಹುದು. ‘ಆಂಗ್ರಿ ಅಟ್ ಮೀ’ ಅಮೆರಿಕದವರ ಬಾಯಲ್ಲಿ ಜಾಸ್ತಿ ಕೇಳುತ್ತದೆ, ಅದು ತಪ್ಪಲ್ಲ. ತಪ್ಪು ‘ಆನ್’ ಮಾತ್ರ. ಹೊಟ್ಟೆಕಿಚ್ಚಿಗೆ ಜೆಲಸ್ ಆಫ್. ಅಕ್ಕರೆಗೆ ಫಾಂಡ್ ಆಫ್. ಹಾಗಾದರೆ ಮೇಲೆಗೆ ಆನ್ ಬರುವುದೇ ಇಲ್ಲವಾ? ಬರುತ್ತದೆ, ಅಪರೂಪಕ್ಕೆ. ಡಿಪೆಂಡೆಂಟ್ ಆನ್, ಕೀನ್ ಆನ್. ಮಳೆ ಮೇಲೆ ಅವಲಂಬಿಸಿದ ಒಣ ಬೇಸಾಯ ಅನ್ನಬೇಕಾದರೆ ಡಿಪೆಂಡೆಂಟ್ ಆನ್ ರೇನ್. ಆದರೆ ಅದರ ಉಲ್ಟಾ ಪದಕ್ಕೆ ಆನ್ ಬರುವುದಿಲ್ಲ, ಇಂಡಿಪೆಂಡೆಂಟ್ ಆಫ್. ಈ ಉಲ್ಟಾ ಜೋಡಿಯನ್ನು ಪ್ರಶ್ನೆಪತ್ರಿಕೆ ಮಾಡುವವರು ಬಿಡುವುದಿಲ್ಲ, ನೆನಪಿರಲಿ.

ಮುಂದೆ ‘ಜೊತೆ’, ನಮ್ಮ ಕಡೆ ‘ಜೋಡಿ’. ‘ಅಕಿ ಜೋಡಿ ಲಗ್ನ ಆಗೇತಿ’ ಅಂದಾಕ್ಷಣ ‘ಮ್ಯಾರೀಡ್ ವಿತ್’ ಬಾಯಿಗೆ ಬಂದುಬಿಡುತ್ತದೆ. ಸರಿಯಾದದ್ದು ಮ್ಯಾರೀಡ್ ಟು. ನಿಶ್ಚಯ ಆಗಿದ್ದರೂ ಎಂಗೇಜ್ಡ್ ಟು, ನೆಂಟರಾಗಿದ್ದರೂ ರಿಲೇಟೆಡ್ ಟು. ಸಂಬಂಧ ಅಂದ್ರೆ ಟು ಅಂತ ಒಂದೇ ಸಲ ಇಟ್ಟುಕೊಳ್ಳಿ, ಮುಗೀತು. ಒಬ್ಬರ ಜೊತೆ ಹೇಗೆ ನಡೆದುಕೊಳ್ಳುತ್ತೀರಿ ಅನ್ನುವುದಕ್ಕೂ ಟುನೇ. ಕಂಡಕ್ಟರ್ ಪ್ರಯಾಣಿಕರ ಜೊತೆ ಒರಟಾಗಿ ನಡೆದುಕೊಂಡ ಅನ್ನಬೇಕಾದರೆ ‘ದ ಕಂಡಕ್ಟರ್ ವಾಸ್ ರೂಡ್ ಟು ದ ಪ್ಯಾಸೆಂಜರ್ಸ್’. ಪೊಲೈಟ್ ಟು, ಕೈಂಡ್ ಟು, ನೈಸ್ ಟು, ಎಲ್ಲ ಇದೇ ಸಾಲು. ಇಲ್ಲಿ ಹೊರಗುಳಿಯುವ ಪದ ತಾಳ್ಮೆ: ಪೇಶಂಟ್ ವಿತ್ ಚಿಲ್ಡ್ರನ್.

‘ಗಿಂತ’ ಬಂದರೆ ದ್ಯಾನ್ ಅಂತ ನಮಗೆ ಶಾಲೆಯಲ್ಲೇ ಕೂರಿಸಿದ್ದಾರೆ. ಟಾಲರ್ ದ್ಯಾನ್, ಓಲ್ಡರ್ ದ್ಯಾನ್ ಅನ್ನುವ ತನಕ ಅದು ಸರಿ. ಆದರೆ ‘ನನಗಿಂತ ಎರಡು ವರ್ಷ ಸೀನಿಯರ್’ ಅಂದರೆ ‘ಟು ಇಯರ್ಸ್ ಸೀನಿಯರ್ ಟು ಮೀ’. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್ ಇವು ಲ್ಯಾಟಿನ್‌ನಿಂದ ಬಂದ ಪದಗಳು. ಅಲ್ಲಿಂದ ಬರುವಾಗಲೇ ಹೋಲಿಕೆಯ ಅರ್ಥ ಹೊತ್ತುಕೊಂಡು ಬಂದಿವೆ. ಅವಕ್ಕೆ ದ್ಯಾನ್ ಬೇಡ, ಟು ಸಾಕು. ಹಾಗೇ ‘ಎಲ್ಡರ್ ದ್ಯಾನ್ ಮೀ’ ಅನ್ನಬೇಡಿ. ‘ಮೈ ಎಲ್ಡರ್ ಸಿಸ್ಟರ್’ ಅನ್ನಬಹುದು, ಹೋಲಿಸುವಾಗ ಮಾತ್ರ ‘ಓಲ್ಡರ್ ದ್ಯಾನ್ ಮೀ’. ಇನ್ನು ‘ಇದಕ್ಕಿಂತ ಅದು ಬೇರೆ’ ಅನ್ನುವುದಕ್ಕೆ ಡಿಫರೆಂಟ್ ಫ್ರಮ್. ಬ್ರಿಟನ್ನಿನಲ್ಲಿ ಡಿಫರೆಂಟ್ ಟು, ಅಮೆರಿಕದಲ್ಲಿ ಡಿಫರೆಂಟ್ ದ್ಯಾನ್ ಅನ್ನುವವರೂ ಇದ್ದಾರೆ. ಪರೀಕ್ಷೆಗೆ ಹೋಗುವವರಿಗೆ ಆ ಜಗಳ ಬೇಕಾಗಿಲ್ಲ. ಫ್ರಮ್ ಬರೆದರೆ ಯಾವ ದೇಶದವರೂ ತಪ್ಪು ಅನ್ನುವುದಿಲ್ಲ.

‘ಅಲ್ಲಿ’, ಆಡುಮಾತಿನ ‘ದಾಗ’. ‘ಲೆಕ್ಕದಾಗ ಭಾಳ ಶಾಣ್ಯಾ ಅದಾನ’ ಅನ್ನುವುದು ‘ಹೀ ಈಸ್ ವೆರಿ ಗುಡ್ ಇನ್ ಮ್ಯಾಥ್ಸ್’ ಆಗುತ್ತದೆ. ನಮ್ಮ ದೇಶದಲ್ಲಿ ಎಲ್ಲೆಲ್ಲೂ ಕೇಳುವ ವಾಕ್ಯ ಇದು, ಅರ್ಥವೂ ಆಗುತ್ತದೆ. ಆದರೂ ಕೌಶಲಕ್ಕೆ ಅಟ್ ಬರೆಯುವುದೇ ಸರಿ. ಗುಡ್ ಅಟ್, ಬ್ಯಾಡ್ ಅಟ್, ಎಕ್ಸಲೆಂಟ್ ಅಟ್, ಕ್ವಿಕ್ ಅಟ್, ಟೆರಿಬಲ್ ಅಟ್. ಇಲ್ಲೊಂದು ಮಜಾ ಇದೆ. ಗುಡ್ ಅಟ್ ಮ್ಯಾಥ್ಸ್ ಅನ್ನಬೇಕು, ಆದರೆ ಅದೇ ಹುಡುಗ ದಡ್ಡನಾದರೆ ವೀಕ್ ಇನ್ ಮ್ಯಾಥ್ಸ್ ಅಂದರೂ ಸರಿಯೇ. ಯಾಕೆ ಹೀಗೆ ಅಂತ ಕೇಳಿದರೆ ರೂಢಿ ಅಂತಲೇ ಹೇಳಬೇಕು. ‘ಕೆಲಸದಾಗ ಬಿಜಿ’ಗೆ ಬಿಜಿ ವಿತ್ ವರ್ಕ್.

‘ಇಂದ’. ‘ಬಸ್ ಮಂದಿಯಿಂದ ತುಂಬೇತಿ’ ಅಂದರೆ ಫುಲ್ ಫ್ರಮ್ ಅಲ್ಲ, ಫುಲ್ ವಿತ್ ಕೂಡ ಅಲ್ಲ, ಫುಲ್ ಆಫ್ ಪೀಪಲ್. ಆದರೆ ಫಿಲ್ಡ್ ಅಂದಾಗ ಫಿಲ್ಡ್ ವಿತ್. ಕ್ರೌಡೆಡ್ ವಿತ್. ಸಂಜೆ ಹೊತ್ತು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ ಹತ್ತಿದವರಿಗೆ ಮೂರನ್ನೂ ಒಟ್ಟಿಗೆ ಬಳಸುವಷ್ಟು ಅನುಭವ ಇರುತ್ತದೆ. ಖುಷಿ, ತೃಪ್ತಿ, ಬೇಸರ ಇವುಗಳಿಗೆ ವಿತ್. ಸ್ಯಾಟಿಸ್ಫೈಡ್ ವಿತ್, ಪ್ಲೀಸ್ಡ್ ವಿತ್, ಬೋರ್ಡ್ ವಿತ್, ಫೆಡ್ ಅಪ್ ವಿತ್. ಈಗ ‘ಬೋರ್ಡ್ ಆಫ್’, ‘ಫೆಡ್ ಅಪ್ ಆಫ್’ ಸಹ ಮಾತಿನಲ್ಲಿ ಹರಡುತ್ತಿವೆ. ಗೆಳೆಯರ ಹತ್ತಿರ ಏನಾದರೂ ಅನ್ನಿ, ಉತ್ತರ ಪತ್ರಿಕೆಯಲ್ಲಿ ವಿತ್ ಇರಲಿ. ಅಂದ ಹಾಗೆ ಬೋರ್ಡ್ ಬೇರೆ, ಬೋರಿಂಗ್ ಬೇರೆ. ‘ಐ ಆಮ್ ಬೋರಿಂಗ್’ ಅಂದರೆ ನಿಮ್ಮ ಜೊತೆ ಕೂತವರಿಗೆ ಬೇಜಾರು ಅಂತ ನೀವೇ ಒಪ್ಪಿಕೊಂಡ ಹಾಗೆ.

ಕೊನೆಗೆ ‘ಗೆ’, ಎಲ್ಲಕ್ಕಿಂತ ದೊಡ್ಡ ತಲೆನೋವು. ಸಾಲಿಗೆ ಗೈರುಹಾಜರಿ ಅಂದರೆ ಆಬ್ಸೆಂಟ್ ಫ್ರಮ್ ಸ್ಕೂಲ್. ಕ್ಲಾಸಿಗೆ ಲೇಟ್ ಅಂದರೆ ಲೇಟ್ ಫಾರ್ ಕ್ಲಾಸ್. ನಾಯಿಗೆ ಅಂಜಿಕೆ ಅಂದರೆ ಆಫ್. ‘ನನಗೆ’ ಅನ್ನುವಾಗ ಇನ್ನೂ ಗೊಂದಲ. ನನಗೆ ಕಷ್ಟ, ನನಗೆ ಸುಲಭ, ನನಗೆ ಸಾಧ್ಯ ಅಂತ ಹೇಳಿ ಮುಂದೆ ಏನಾದರೂ ಮಾಡುವ ಮಾತು ಬಂದರೆ ಫಾರ್: ‘ಇಟ್ ಈಸ್ ಡಿಫಿಕಲ್ಟ್ ಫಾರ್ ಮೀ ಟು ಕಮ್ ಬಿಫೋರ್ ನೈನ್’. ನನಗೆ ಗೊತ್ತು, ನನಗೆ ಸ್ಪಷ್ಟ ಅನ್ನುವ ಅರ್ಥಕ್ಕೆ ಟು: ಕ್ಲಿಯರ್ ಟು ಮೀ, ನೋನ್ ಟು ಮೀ. ಯೂಸ್‌ಫುಲ್ ಮತ್ತು ಇಂಪಾರ್ಟೆಂಟ್‌ಗೆ ಟು, ಫಾರ್ ಎರಡೂ ನಡೆಯುತ್ತವೆ. ಅಲ್ಲಿ ಹೆದರಬೇಡಿ.

ಹೆಜ್ಜೆ 4: ಒಂದೇ ಅಡ್ಜೆಕ್ಟಿವ್, ಬೇರೆ ಬೇರೆ ಪ್ರಿಪೊಸಿಷನ್

ಜೋಡಿ ಕಲಿತ ಮೇಲೆ ಬರುವ ಪ್ರಶ್ನೆ ಇದು: ‘ಸರ್, ಗುಡ್ ಅಟ್ ಅಂದ್ರಿ, ಮತ್ತೆ ಗುಡ್ ಫಾರ್ ಅಂತ ಎಲ್ಲೋ ಓದಿದೆನಲ್ರೀ?’ ಹೌದು, ಅದೂ ಇದೆ. ಅರ್ಥ ಬದಲಾದರೆ ಪ್ರಿಪೊಸಿಷನ್ ಬದಲಾಗುತ್ತದೆ.

ಸಂಗೀತ ಕಲಿಸುವ ಒಬ್ಬ ಗುರುಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ, ಗದಗಿನ ಕಡೆಯವರು ಅಂದುಕೊಳ್ಳೋಣ. ‘ಹೀ ಈಸ್ ಗುಡ್ ಅಟ್ ತಬಲಾ’ ಅಂದರೆ ತಬಲಾ ಚೆನ್ನಾಗಿ ಬಾರಿಸುತ್ತಾರೆ. ‘ಹೀ ಈಸ್ ಗುಡ್ ವಿತ್ ಚಿಲ್ಡ್ರನ್’ ಅಂದರೆ ಮಕ್ಕಳನ್ನು ಸಂಭಾಳಿಸುವುದು ಅವರಿಗೆ ಗೊತ್ತು. ‘ಹೀ ವಾಸ್ ಗುಡ್ ಟು ಮೀ’ ಅಂದರೆ ನನ್ನನ್ನು ಚೆನ್ನಾಗಿ ನೋಡಿಕೊಂಡರು, ಬಹುಶಃ ಫೀಸ್ ಕೂಡ ಬಿಟ್ಟುಕೊಟ್ಟರು. ‘ವಾಕಿಂಗ್ ಈಸ್ ಗುಡ್ ಫಾರ್ ಹಿಮ್’ ಅಂದರೆ ನಡೆದಾಡಿದರೆ ಅವರ ಆರೋಗ್ಯಕ್ಕೆ ಒಳ್ಳೆಯದು. ‘ಇಟ್ ವಾಸ್ ಗುಡ್ ಆಫ್ ಹಿಮ್ ಟು ಕಮ್’ ಅಂದರೆ ಬಂದದ್ದು ಅವರ ದೊಡ್ಡತನ. ಐದೂ ಸರಿ, ಐದರಲ್ಲಿ ಒಂದನ್ನು ಇನ್ನೊಂದರ ಜಾಗಕ್ಕೆ ಇಡಲಾಗದು.

ಹ್ಯಾಪಿ ನೋಡಿ. ಹೊಸ ಫೋನ್ ಹಿಡಿಸಿದರೆ ಹ್ಯಾಪಿ ವಿತ್ ದ ಫೋನ್. ಸುದ್ದಿ ಕೇಳಿ ಖುಷಿಯಾದರೆ ಹ್ಯಾಪಿ ಅಬೌಟ್ ದ ನ್ಯೂಸ್. ತಂಗಿಗೆ ಕೆಲಸ ಸಿಕ್ಕಿದ್ದಕ್ಕೆ ನಿಮಗೆ ಖುಷಿಯಾದರೆ ‘ಐ ಆಮ್ ಹ್ಯಾಪಿ ಫಾರ್ ಹರ್’. ಇಲ್ಲಿ ‘ಹ್ಯಾಪಿ ವಿತ್ ಹರ್’ ಅಂದರೆ ಅವಳ ಕೆಲಸ ನಿಮಗೆ ತೃಪ್ತಿ ತಂದಿದೆ ಅಂತ ಮ್ಯಾನೇಜರ್ ಥರ ಕೇಳಿಸುತ್ತದೆ.

ಸಾರಿಯಲ್ಲೂ ಹೀಗೇ. ‘ಐ ಫೀಲ್ ಸಾರಿ ಫಾರ್ ಹಿಮ್’ ಅಂದರೆ ಅವನನ್ನು ನೋಡಿದರೆ ಪಾಪ ಅನಿಸುತ್ತದೆ. ‘ಸಾರಿ ಅಬೌಟ್ ದ ನಾಯ್ಸ್’ ಅಂದರೆ ಗದ್ದಲಕ್ಕೆ ಕ್ಷಮೆ. ‘ಸಾರಿ ಫಾರ್ ಬೀಯಿಂಗ್ ಲೇಟ್’ ಅಂದರೆ ತಡವಾಗಿದ್ದಕ್ಕೆ ಕ್ಷಮೆ. ಟೈರ್ಡ್ ಆಫ್ ಬೇರೆ, ಟೈರ್ಡ್ ಫ್ರಮ್ ಬೇರೆ. ಉಣಕಲ್ ಕೆರೆ ಸುತ್ತಿ ಕಾಲು ಸೋತಿದ್ದರೆ ಟೈರ್ಡ್ ಫ್ರಮ್ ವಾಕಿಂಗ್. ಅದೇ ಕೆರೆಗೆ ದಿನಾ ಹೋಗಿ ಹೋಗಿ ಬ್ಯಾಸರಾಗಿದ್ದರೆ ಟೈರ್ಡ್ ಆಫ್ ವಾಕಿಂಗ್ ದೇರ್.

ನೋನ್ ಅನ್ನುವುದಕ್ಕೆ ಊರಿನ ಉದಾಹರಣೆಯೇ ಸಾಕು. ‘ಹುಬ್ಬಳ್ಳಿ ಈಸ್ ನೋನ್ ಆಸ್ ಛೋಟಾ ಬಾಂಬೆ’, ಅಂದರೆ ಹಾಗಂತ ಕರೆಯುತ್ತಾರೆ. ‘ಹುಬ್ಬಳ್ಳಿ ಸ್ಟೇಷನ್ ಈಸ್ ನೋನ್ ಫಾರ್ ಇಟ್ಸ್ ಪ್ಲಾಟ್‌ಫಾರ್ಮ್’, ಅಂದರೆ ಅದಕ್ಕೆ ಹೆಸರಾಗಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ, ಹೆಸರಾಗದೇ ಇರುತ್ತದಾ. ‘ದಿಸ್ ಫ್ಯಾಕ್ಟ್ ಈಸ್ ನೋನ್ ಟು ಎವ್ರಿಬಡಿ’, ಅಂದರೆ ಎಲ್ಲರಿಗೂ ಗೊತ್ತು. ಫಾರ್ ಮತ್ತು ಆಸ್ ನಡುವಿನ ಈ ವ್ಯತ್ಯಾಸ ಫೇಮಸ್‌ಗೂ ಅನ್ವಯಿಸುತ್ತದೆ.

ರೆಸ್ಪಾನ್ಸಿಬಲ್‌ಗೆ ಎರಡು ಬಾಗಿಲು. ಕೆಲಸಕ್ಕೆ ಫಾರ್, ಮೇಲಧಿಕಾರಿಗೆ ಟು: ‘ದ ಕ್ಯಾಶಿಯರ್ ಈಸ್ ರೆಸ್ಪಾನ್ಸಿಬಲ್ ಟು ದ ಮ್ಯಾನೇಜರ್ ಫಾರ್ ದ ಕ್ಯಾಶ್’. ಫೆಮಿಲಿಯರ್‌ನಲ್ಲಿ ಯಾರಿಗೆ ಯಾರು ಪರಿಚಯ ಅನ್ನುವುದು ತಿರುಗುತ್ತದೆ. ‘ಐ ಆಮ್ ಫೆಮಿಲಿಯರ್ ವಿತ್ ದಿಸ್ ರೋಡ್’, ‘ದಿಸ್ ರೋಡ್ ಈಸ್ ಫೆಮಿಲಿಯರ್ ಟು ಮೀ’. ಎರಡರ ಅರ್ಥ ಒಂದೇ, ದಿಕ್ಕು ಬೇರೆ.

ಹೆಜ್ಜೆ 5: ಪ್ರಿಪೊಸಿಷನ್ ಆದಮೇಲೆ ಏನು ಬರಬೇಕು?

ನಾಮಪದ ಬರಬಹುದು. ಸರ್ವನಾಮ ಬಂದರೆ ಮೀ, ಹಿಮ್, ಹರ್, ಅಸ್, ದೆಮ್. ‘ಪ್ರೌಡ್ ಆಫ್ ಹೀ’ ಅಂತ ಯಾರೂ ಅನ್ನುವುದಿಲ್ಲ ಬಿಡಿ. ಆದರೆ ‘ಪ್ರೌಡ್ ಆಫ್ ಮೈ ಬ್ರದರ್ ಅಂಡ್ ಐ’ ಅಂತ ಬರೆಯುವವರು ಸಿಗುತ್ತಾರೆ. ಅಲ್ಲಿ ‘ಅಂಡ್ ಮೀ’ ಬೇಕು.

ಕ್ರಿಯಾಪದ ಬಂದರೆ ಅದಕ್ಕೆ ಇಂಗ್ ಸೇರಿಸಿ. ಗುಡ್ ಅಟ್ ಕುಕಿಂಗ್, ಇಂಟರೆಸ್ಟೆಡ್ ಇನ್ ಲರ್ನಿಂಗ್, ಕೇಪಬಲ್ ಆಫ್ ಲೀಡಿಂಗ್, ಟೈರ್ಡ್ ಆಫ್ ವೇಟಿಂಗ್. ಇಲ್ಲಿ ದೊಡ್ಡ ಹೊಂಡ ಯೂಸ್ಡ್ ಟು. ‘ಐ ಯೂಸ್ಡ್ ಟು ವರ್ಕ್ ಅಟ್ ನೈಟ್’ ಅಂದರೆ ಹಿಂದೆ ರಾತ್ರಿ ಕೆಲಸ ಮಾಡುತ್ತಿದ್ದೆ, ಈಗಿಲ್ಲ. ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ಅಟ್ ನೈಟ್’ ಅಂದರೆ ರಾತ್ರಿ ಕೆಲಸ ನನಗೆ ರೂಢಿಯಾಗಿದೆ. ಎರಡನೆಯದರಲ್ಲಿ ಆಮ್ ಇದೆ. ಅಲ್ಲಿ ಯೂಸ್ಡ್ ಅಡ್ಜೆಕ್ಟಿವ್, ಟು ಪ್ರಿಪೊಸಿಷನ್, ಆದ್ದರಿಂದ ಇಂಗ್. ಆಮ್, ಈಸ್, ಆರ್ ಕಂಡರೆ ಇಂಗ್ ಹಾಕಿ ಅನ್ನುವುದು ಇಲ್ಲಿ ಸುಲಭದ ಗುರುತು.

ದ್ಯಾಟ್ ಬಂದು ಪೂರ್ತಿ ವಾಕ್ಯ ಹಿಂಬಾಲಿಸಿದರೆ ಪ್ರಿಪೊಸಿಷನ್ ಬಿದ್ದುಹೋಗುತ್ತದೆ. ‘ಐ ಆಮ್ ಶ್ಯೂರ್ ಆಫ್ ಇಟ್’ ಸರಿ, ‘ಐ ಆಮ್ ಶ್ಯೂರ್ ದ್ಯಾಟ್ ಹೀ ವಿಲ್ ಕಮ್’ ಸರಿ, ‘ಶ್ಯೂರ್ ಆಫ್ ದ್ಯಾಟ್ ಹೀ ವಿಲ್ ಕಮ್’ ತಪ್ಪು. ಹಾಗೇ ರೆಡಿ, ಎಲಿಜಿಬಲ್, ಹ್ಯಾಪಿ, ಅಫ್ರೇಡ್ ಇವಕ್ಕೆ ಟು ಸೇರಿದ ಕ್ರಿಯಾಪದವೂ ಬರುತ್ತದೆ: ರೆಡಿ ಟು ಗೋ, ಎಲಿಜಿಬಲ್ ಟು ವೋಟ್. ಕೇಪಬಲ್ ಮತ್ತು ಫಾಂಡ್ ಮಾತ್ರ ಇದಕ್ಕೆ ಒಪ್ಪುವುದಿಲ್ಲ. ಕೇಪಬಲ್ ಟು ಡೂ ಅಂತ ಬರೆದರೆ ಅಂಕ ಹೋಯಿತು.

ಹೆಜ್ಜೆ 6: ಪ್ರಶ್ನೆ ಕೇಳುವಾಗ ಪ್ರಿಪೊಸಿಷನ್ ಎಲ್ಲಿ ಹೋಗುತ್ತದೆ?

ಕೊನೆಗೆ ಹೋಗಿ ನಿಲ್ಲುತ್ತದೆ, ಬಿದ್ದುಹೋಗುವುದಿಲ್ಲ. ‘ವಾಟ್ ಆರ್ ಯು ಅಫ್ರೇಡ್ ಆಫ್?’ ‘ಹೂ ಈಸ್ ಶೀ ಮ್ಯಾರೀಡ್ ಟು?’ ‘ವಿಚ್ ಸಬ್ಜೆಕ್ಟ್ ಆರ್ ಯು ಗುಡ್ ಅಟ್?’ ಕನ್ನಡದಲ್ಲಿ ‘ಯಾರ ಮ್ಯಾಲೆ ಸಿಟ್ಟು?’ ಅಂತ ಪ್ರಶ್ನೆಯ ಪದಕ್ಕೇ ‘ಮ್ಯಾಲೆ’ ಅಂಟಿಬರುವುದರಿಂದ ಇಂಗ್ಲಿಷಿನಲ್ಲಿ ಕೊನೆಗೆ ಒಂಟಿಯಾಗಿ ಉಳಿದ ಪ್ರಿಪೊಸಿಷನ್ ನಮಗೆ ಅಪೂರ್ಣ ಅನಿಸುತ್ತದೆ. ಅದಕ್ಕೇ ಅದನ್ನು ನುಂಗಿಬಿಡುತ್ತೇವೆ. ‘ವಾಟ್ ಆರ್ ಯು ಇಂಟರೆಸ್ಟೆಡ್?’ ಅಂತ ನಿಲ್ಲಿಸುತ್ತೇವೆ. ಇನ್ ಬೇಕೇ ಬೇಕು. ‘ದ ಜಾಬ್ ಐ ಆಮ್ ಇಂಟರೆಸ್ಟೆಡ್ ಇನ್’ ಅನ್ನುವಲ್ಲಿಯೂ ಇದೇ ಮಾತು.

ಹೆಜ್ಜೆ 7: ಕಿವಿ, ಡಿಕ್ಷನರಿ, ನೋಟ್‌ಬುಕ್

ಪ್ರಿಪೊಸಿಷನ್ ಯಾಕೆ ನಮಗೆ ನೆನಪಿರುವುದಿಲ್ಲ ಅಂದರೆ, ಅದು ನಮಗೆ ಕೇಳಿಸುವುದೇ ಇಲ್ಲ. ಇಂಗ್ಲಿಷ್ ಮಾತಾಡುವವರು ಒತ್ತು ಕೊಡುವುದು ಅಡ್ಜೆಕ್ಟಿವ್‌ಗೆ. ಪ್ರಿಪೊಸಿಷನ್ ಅದರ ಬಾಲಕ್ಕೆ ಅಂಟಿ ಸಣ್ಣ ದನಿಯಲ್ಲಿ ಹೋಗಿಬಿಡುತ್ತದೆ. ‘ಅಫ್ರೇಡವ್’, ‘ಫುಲವ್’, ‘ಇಂಟರೆಸ್ಟೆಡಿನ್’, ‘ಗುಡಟ್’. ಕ್ರಿಕೆಟ್ ಕಾಮೆಂಟರಿ ಕೇಳುವಾಗ ಇದನ್ನೊಂದೇ ಹುಡುಕಿ, ಬೇರೆ ಏನೂ ಬೇಡ. ಮತ್ತೆ ನೀವು ಮಾತಾಡುವಾಗಲೂ ಹಾಗೇ ಅಂಟಿಸಿ ಅನ್ನಿ. ‘ಅಫ್ರೇಡ್’ ಅಂತ ನಿಲ್ಲಿಸಿ, ಉಸಿರು ತಗೊಂಡು, ‘ಆಫ್’ ಹುಡುಕಲು ಹೋದರೆ ಆ ಗ್ಯಾಪಿನಲ್ಲಿ ಕನ್ನಡದ ‘ಗೆ’ ಬಂದು ಕೂರುತ್ತದೆ.

ಡಿಕ್ಷನರಿ ಕೊಳ್ಳುವುದಾದರೆ ಕಲಿಯುವವರಿಗಂತ ಮಾಡಿದ ಲರ್ನರ್ಸ್ ಡಿಕ್ಷನರಿ ನೋಡಿ. ಮೊಬೈಲಿನಲ್ಲಿ ಪುಕ್ಕಟೆ ಸಿಗುವವೂ ಇವೆ. ಅಡ್ಜೆಕ್ಟಿವ್ ಹುಡುಕಿದರೆ ಅರ್ಥದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಆಫ್ ಸಂಬಡಿ, ಅಟ್ ಸಂಥಿಂಗ್, ವಿತ್ ಸಂಬಡಿ ಅಂತ ಇರುತ್ತದೆ. ನಮ್ಮವರು ಅರ್ಥ ನೋಡಿ ಮುಚ್ಚಿಬಿಡುತ್ತಾರೆ, ಆ ದಪ್ಪ ಅಕ್ಷರ ಓದುವುದಿಲ್ಲ. ಕನ್ನಡ ಅರ್ಥ ಮಾತ್ರ ಕೊಡುವ ಪಾಕೆಟ್ ಡಿಕ್ಷನರಿ ಈ ಕೆಲಸಕ್ಕೆ ಬರುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಪುಟದ ತಲೆಗೆ ಕನ್ನಡ ಪ್ರತ್ಯಯ ಬರೆಯಿರಿ. ಒಂದು ಪುಟ ‘ಮೇಲೆ’, ಒಂದು ‘ಗೆ’, ಒಂದು ‘ಜೋಡಿ’. ಹೊಸ ಜೋಡಿ ಸಿಕ್ಕಾಗ ಯಾವ ಪುಟದ ತಪ್ಪು ಮಾಡುವ ಸಾಧ್ಯತೆ ಇದೆಯೋ ಆ ಪುಟಕ್ಕೆ ಹಾಕಿ. ಬರೀ ಪದ ಬೇಡ, ನಿಮ್ಮ ಮನೆಯ, ನಿಮ್ಮ ಓಣಿಯ ನಿಜವಾದ ವಾಕ್ಯ ಬರೆಯಿರಿ. ‘ಮೈ ಅಂಕಲ್ ಈಸ್ ಜೆಲಸ್ ಆಫ್ ಅವರ್ ಟ್ರ್ಯಾಕ್ಟರ್’ ಅನ್ನುವ ವಾಕ್ಯ ಮರೆಯುವುದು ಕಷ್ಟ. ಕಾಕಾ ನೋಟ್‌ಬುಕ್ ನೋಡದಿದ್ದರೆ ಸಾಕು.

ಹೆಜ್ಜೆ 8: ಒಂದು ಪರಿಚಯದ ಮಾತನ್ನು ರಿಪೇರಿ ಮಾಡೋಣ

ಬ್ಯಾಂಕ್ ಇಂಟರ್‌ವ್ಯೂಗೆ ಹೊರಟ ಬ್ಯಾಡಗಿಯ ಹುಡುಗ ಹೀಗೆ ಸಿದ್ಧ ಮಾಡಿಕೊಂಡಿದ್ದಾನೆ ಅಂದುಕೊಳ್ಳಿ:

‘ಐ ಆಮ್ ಫ್ರಮ್ ಬ್ಯಾಡಗಿ. ಬ್ಯಾಡಗಿ ಈಸ್ ಫೇಮಸ್ ಟು ಚಿಲ್ಲೀಸ್. ಐ ಆಮ್ ಗುಡ್ ಇನ್ ಅಕೌಂಟ್ಸ್. ಐ ಆಮ್ ಇಂಟರೆಸ್ಟೆಡ್ ಟು ವರ್ಕ್ ಇನ್ ಎ ಬ್ಯಾಂಕ್. ಐ ಆಮ್ ಕೇಪಬಲ್ ಟು ಹ್ಯಾಂಡಲ್ ಕಸ್ಟಮರ್ಸ್. ಐ ಆಮ್ ಯೂಸ್ಡ್ ಟು ವರ್ಕ್ ಲೇಟ್. ಮೈ ಪೇರೆಂಟ್ಸ್ ಆರ್ ಪ್ರೌಡ್ ಅಬೌಟ್ ಮೀ.’

ಮೊದಲ ವಾಕ್ಯ ಸರಿ. ಎರಡನೆಯದರಲ್ಲಿ ಫೇಮಸ್ ಫಾರ್ ಬೇಕು. ನನ್ನ ಕೇಳಿದರೆ ಆ ವಾಕ್ಯವನ್ನು ಇನ್ನೂ ಸ್ವಲ್ಪ ಬೆಳೆಸಬೇಕು, ಯಾಕಂದ್ರೆ ಇಂಟರ್‌ವ್ಯೂ ಮಾಡುವವರು ಮುಂದಿನ ಪ್ರಶ್ನೆ ಅಲ್ಲಿಂದಲೇ ಎತ್ತುತ್ತಾರೆ. ‘ಅವರ್ ಚಿಲ್ಲಿ ಈಸ್ ನೋನ್ ಫಾರ್ ಇಟ್ಸ್ ಡೀಪ್ ರೆಡ್ ಕಲರ್. ಇಟ್ ಈಸ್ ರಿಚ್ ಇನ್ ಕಲರ್ ಬಟ್ ಲೋ ಇನ್ ಹೀಟ್’ ಅಂದರೆ ಮೂರು ಜೋಡಿ ಸರಾಗವಾಗಿ ಬಂದುಹೋಗುತ್ತವೆ. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮಾತನ್ನೂ ಸೇರಿಸಿದರೆ ಊರಿನ ಬಗ್ಗೆ ತಿಳಿದವನು ಅನಿಸುತ್ತದೆ. ಮೂರನೆಯದು ಗುಡ್ ಅಟ್. ನಾಲ್ಕನೆಯದು ಇಂಟರೆಸ್ಟೆಡ್ ಇನ್ ವರ್ಕಿಂಗ್. ಇಂಟರೆಸ್ಟೆಡ್ ಟು ಅನ್ನುವುದು ಪೂರ್ತಿ ನಿಷಿದ್ಧ ಅಲ್ಲ, ‘ಇಂಟರೆಸ್ಟೆಡ್ ಟು ನೋ’, ‘ಇಂಟರೆಸ್ಟೆಡ್ ಟು ಹಿಯರ್’ ಅಂತ ಇವೆ. ಕೆಲಸ ಮಾಡುವ ಆಸಕ್ತಿಗೆ ಮಾತ್ರ ಇನ್ ಹಾಕಿ. ಐದನೆಯದು ಕೇಪಬಲ್ ಆಫ್ ಹ್ಯಾಂಡ್ಲಿಂಗ್, ಆರನೆಯದು ಯೂಸ್ಡ್ ಟು ವರ್ಕಿಂಗ್, ಏಳನೆಯದು ಪ್ರೌಡ್ ಆಫ್. ಏಳು ವಾಕ್ಯದಲ್ಲಿ ಆರು ತಪ್ಪು, ಆದರೆ ಆರರಲ್ಲಿ ಒಂದಕ್ಕೂ ಹೊಸ ಪದ ಕಲಿಯಬೇಕಾಗಿಲ್ಲ ನೋಡಿ.

ಹೆಜ್ಜೆ 9: ನೀವೇ ಮಾಡಿ ನೋಡಿ

ಉತ್ತರ ಕೆಳಗಿದೆ, ಮೊದಲು ಬಾಯಲ್ಲಿ ಹೇಳಿಕೊಳ್ಳಿ.

ದ ಬಸ್ ವಾಸ್ ಫುಲ್ ___ ಸ್ಟೂಡೆಂಟ್ಸ್.
ಲಕ್ಕುಂಡಿ ಈಸ್ ಕ್ಲೋಸ್ ___ ಗದಗ.
ಹರ್ ಸಿಸ್ಟರ್ ಈಸ್ ಮ್ಯಾರೀಡ್ ___ ಎ ಟೀಚರ್ ಇನ್ ಹಾವೇರಿ.
ಶೀ ವಾಸ್ ಆಬ್ಸೆಂಟ್ ___ ಕ್ಲಾಸ್ ಯೆಸ್ಟರ್‌ಡೇ.
ಹೀ ಈಸ್ ಜೂನಿಯರ್ ___ ಮೀ ಬಟ್ ಬೆಟರ್ ___ ಟೈಪಿಂಗ್.
ವಾಟ್ ಆರ್ ಯು ಸೋ ಹ್ಯಾಪಿ ___?

ಮೊದಲ ನಾಲ್ಕಕ್ಕೆ ಕ್ರಮವಾಗಿ ಆಫ್, ಟು, ಟು, ಫ್ರಮ್. ಐದನೆಯದರಲ್ಲಿ ಟು, ಆಮೇಲೆ ಅಟ್. ಗುಡ್ ಹೋಗಿ ಬೆಟರ್ ಆದರೂ, ಬೆಸ್ಟ್ ಆದರೂ, ಅಟ್ ಜೊತೆಯಲ್ಲೇ ಬರುತ್ತದೆ. ಆರನೆಯದಕ್ಕೆ ಅಬೌಟ್. ವಿತ್ ಬರೆದಿದ್ದರೆ ಪೂರ್ತಿ ತಪ್ಪು ಅನ್ನಲಾರೆ, ಆದರೆ ಆಗ ಯಾವ ವಸ್ತು ನಿನಗೆ ಇಷ್ಟು ಹಿಡಿಸಿದೆ ಅಂತ ಕೇಳಿದ ಹಾಗಾಗುತ್ತದೆ. ಸುಮ್ನೆ ಒಬ್ಬನೇ ನಗುತ್ತಾ ಕೂತವನನ್ನು ಕೇಳುವುದಾದರೆ ಅಬೌಟ್.